ಲಿಟಲ್ ಲೀಗ್ ಬೇಸ್‌ಬಾಲ್: ಮಗುವನ್ನು ಸೇರಿಸುವ ಮೊದಲು ಓದಬೇಕಾದ ವಿಮರ್ಶೆ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗುವಿಗೆ ಆರೇಳು ವರ್ಷ ತುಂಬಿತೆಂದರೆ ಯಾವ ಆಟಕ್ಕೆ ಸೇರಿಸಬೇಕೆಂಬ ಚರ್ಚೆ ಶುರುವಾಗುತ್ತದೆ. ಹೆಚ್ಚಿನವರು ಈಜು, ಸಾಕರ್ ಅಥವಾ ಟೆನಿಸ್ ಎನ್ನುತ್ತಾರೆ. ಈಚೆಗೆ ಕ್ರಿಕೆಟ್ ಅಕಾಡೆಮಿಗಳೂ ಹುಟ್ಟಿಕೊಂಡಿರುವುದರಿಂದ, ತಾವು ಆಡಿ ಬೆಳೆದ ಆಟಕ್ಕೇ ಮಗುವನ್ನು ಕಳಿಸುವವರೂ ಸಾಕಷ್ಟಿದ್ದಾರೆ. ಬೇಸ್‌ಬಾಲ್ ಎಂದಾಗ ಮಾತ್ರ ಹಲವರು ಹಿಂಜರಿಯುತ್ತಾರೆ. ತಮಗೆ ನಿಯಮ ಗೊತ್ತಿಲ್ಲ, ಆಟ ತೀರ ನಿಧಾನ, ಅದು ಇಲ್ಲಿ ಹುಟ್ಟಿ ಬೆಳೆದವರ ಆಟ ಎಂಬ ಕಾರಣಗಳನ್ನು ಸ್ನೇಹಿತರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ನಮ್ಮ ಮಗಳು ಟೀಬಾಲ್‌ನಿಂದ (ಗೂಟದ ಮೇಲಿಟ್ಟ ಚೆಂಡನ್ನು ಹೊಡೆಯುವ ಪುಟ್ಟ ಮಕ್ಕಳ ಆಟ) ಆರಂಭಿಸಿ ಈಗ ಮೈನರ್ಸ್ ಎಂಬ ನಡುವಿನ ವಿಭಾಗದವರೆಗೆ ನಮ್ಮ ಬಡಾವಣೆಯ ಲಿಟಲ್ ಲೀಗ್‌ನಲ್ಲಿ, ಅಂದರೆ ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ಸ್ಥಳೀಯ ಘಟಕದಲ್ಲಿ, ಆಡುತ್ತಾ ಬಂದಿರುವುದರಿಂದ, ಈ ವ್ಯವಸ್ಥೆಯನ್ನು ಹತ್ತಿರದಿಂದ ನೋಡುವ ಅವಕಾಶ ನಮಗೆ ಸಿಕ್ಕಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆರರಿಂದ ಹನ್ನೆರಡರ ವಯಸ್ಸಿನ ಮಗುವಿನ ನಡತೆ, ಸಹನೆ, ಹೊಣೆಗಾರಿಕೆಗಳು ಗಟ್ಟಿಗೊಳ್ಳಬೇಕೆಂದು ಬಯಸುವವರಿಗೆ ನಾನು ಕಂಡಿರುವ ಸಮುದಾಯ ಕಾರ್ಯಕ್ರಮಗಳಲ್ಲೆಲ್ಲ ಇದೇ ಉತ್ತಮವಾದದ್ದು. ಆದರೆ ಆ ಗುಣಗಳು ಬರುವುದು ಉದ್ಘಾಟನೆಯ ದಿನ ಓದುವ ಪ್ರತಿಜ್ಞೆಯಿಂದಾಗಲಿ ಕೋಚ್‌ಗಳ ಭಾಷಣದಿಂದಾಗಲಿ ಅಲ್ಲ; ನಿಯಮಪುಸ್ತಕದಲ್ಲಿರುವ ಕೆಲವೇ ಕೆಲವು ಕಟ್ಟಳೆಗಳಿಂದ. ಆ ಕಟ್ಟಳೆಗಳು ಸಡಿಲಗೊಳ್ಳುವ ಕಡೆ ಕಾರ್ಯಕ್ರಮದ ಗುಣಮಟ್ಟವೂ ಕುಸಿಯುತ್ತದೆ.

ಸಂಸ್ಥೆಯ ಹಿನ್ನೆಲೆಯನ್ನು ತಿಳಿದುಕೊಂಡರೆ ಈ ಕಟ್ಟಳೆಗಳು ಯಾಕೆ ಬಂದವೆಂಬುದು ಅರ್ಥವಾಗುತ್ತದೆ. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನ ಕಾರ್ಲ್ ಸ್ಟಾಟ್ಸ್ ತನ್ನ ಸೋದರಳಿಯಂದಿರಿಗಾಗಿ, ಚಿಕ್ಕ ಮಕ್ಕಳ ಅಳತೆಗೆ ತಕ್ಕ ಮೈದಾನ ಮತ್ತು ತಂಡಗಳಿರುವ ಒಂದು ಲೀಗ್ ಮಾಡಬೇಕೆಂದು 1938ರಲ್ಲಿ ಯೋಚಿಸಿದರು. ಪ್ರಾಯೋಜಕರನ್ನು ಹುಡುಕುತ್ತಾ ಐವತ್ತಕ್ಕೂ ಹೆಚ್ಚು ಅಂಗಡಿ, ಕಂಪನಿಗಳ ಬಾಗಿಲು ತಟ್ಟಿದ ಮೇಲೆ ಒಂದು ಹಾಲಿನ ಡೈರಿ ಮುಂದೆ ಬಂತು. 1939ರ ಜೂನ್ 6ರಂದು ಮೊದಲ ಪಂದ್ಯ ನಡೆದಾಗ ಲೀಗಿನಲ್ಲಿದ್ದದ್ದು ಮೂರೇ ತಂಡಗಳು: ಲಂಡಿ ಲಂಬರ್, ಲೈಕಮಿಂಗ್ ಡೈರಿ, ಜಂಬೋ ಪ್ರೆಟ್ಸೆಲ್. ಆ ಪಂದ್ಯವನ್ನು ಲಂಡಿ ಲಂಬರ್ 23–8ರಿಂದ ಗೆದ್ದಿತು. ಬಡಾವಣೆಯ ಅಂಗಡಿಯವರ ಹೆಸರು ಮಕ್ಕಳ ಅಂಗಿಯ ಮೇಲೆ ಅಚ್ಚಾಗುವ ಪದ್ಧತಿ ಇವತ್ತಿಗೂ ಹಾಗೆಯೇ ಉಳಿದಿದೆ. ನಮ್ಮ ಮಗಳ ತಂಡಕ್ಕೆ ಒಮ್ಮೆ ದಂತವೈದ್ಯರೊಬ್ಬರು, ಇನ್ನೊಮ್ಮೆ ಪಿಜ್ಜಾ ಅಂಗಡಿಯೊಂದು ಪ್ರಾಯೋಜಕರಾಗಿದ್ದರು. 1964ರಲ್ಲಿ ಅಮೆರಿಕದ ಸಂಸತ್ತು ಈ ಸಂಸ್ಥೆಗೆ ಫೆಡರಲ್ ಸನದು ನೀಡಿತು. ಸ್ಥಳೀಯ ಲೀಗುಗಳನ್ನು ನಡೆಸುವವರು ಮಾತ್ರ ಎಂದಿನಂತೆ ಆಯಾ ಊರಿನ ಸ್ವಯಂಸೇವಕರೇ. ಕೇಂದ್ರ ಸಂಸ್ಥೆ ನಿಯಮ, ವಿಮೆ ಮತ್ತು ತರಬೇತಿಯನ್ನು ಒದಗಿಸುತ್ತದೆ. ಮೈದಾನ, ವೇಳಾಪಟ್ಟಿ, ಶುಲ್ಕ, ಕೋಚ್‌ಗಳ ಆಯ್ಕೆ ಇವೆಲ್ಲ ಸ್ಥಳೀಯ ಆಡಳಿತ ಮಂಡಳಿಯ ಕೈಯಲ್ಲಿರುತ್ತವೆ. ಆದ್ದರಿಂದ ಒಂದು ಊರಿನ ಅನುಭವ ಇನ್ನೊಂದು ಊರಿಗೆ ಪೂರ್ತಿ ಹೊಂದುವುದಿಲ್ಲ. ನಿಯಮಪುಸ್ತಕ ಮಾತ್ರ ಎಲ್ಲ ಕಡೆಗೂ ಒಂದೇ.

ಆ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕಡ್ಡಾಯ ಆಟದ ನಿಯಮ. ಹಾಜರಿರುವ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಆರು ಔಟ್‌ಗಳಷ್ಟು ಕಾಲ ಫೀಲ್ಡಿಂಗ್ ಮಾಡಬೇಕು, ಕನಿಷ್ಠ ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು. ಒಂದು ಪಂದ್ಯ ಆರು ಇನಿಂಗ್ಸ್‌ನದು, ಒಂದು ಇನಿಂಗ್ಸ್‌ನಲ್ಲಿ ಪ್ರತಿ ತಂಡಕ್ಕೂ ಮೂರು ಔಟ್. ಅಂದರೆ ತಂಡದ ಅತ್ಯಂತ ದುರ್ಬಲ ಆಟಗಾರನೂ ಪಂದ್ಯದ ಮೂರನೆಯ ಒಂದು ಭಾಗವನ್ನಾದರೂ ಮೈದಾನದಲ್ಲಿ ಕಳೆಯಲೇಬೇಕು. ಇದನ್ನು ಪಾಲಿಸದ ಮ್ಯಾನೇಜರ್‌ಗೆ (ತಂಡದ ಮುಖ್ಯ ಕೋಚ್) ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೆಯ ಸಲ ಮುಂದಿನ ಪಂದ್ಯಕ್ಕೆ ನಿಷೇಧ, ಮೂರನೆಯ ಸಲ ಉಳಿದ ಋತುವಿಗೇ ನಿಷೇಧ. ಕಾಗದದ ಮೇಲೆ ಇದು ಸಣ್ಣ ಆಡಳಿತಾತ್ಮಕ ಸೂಚನೆಯಂತೆ ಕಾಣುತ್ತದೆ, ಆದರೆ ಮೈದಾನದಲ್ಲಿ ಅದು ಮಾಡುವ ಕೆಲಸ ದೊಡ್ಡದು. ನಮ್ಮ ತಂಡದಲ್ಲಿ ಚೆಂಡು ಹತ್ತಿರ ಬಂದರೆ ಮುಖ ತಿರುಗಿಸುವ ಹುಡುಗನೊಬ್ಬನಿದ್ದ. ಒಂದು ಸಂಜೆ ಕೊನೆಯ ಇನಿಂಗ್ಸ್‌ನಲ್ಲಿ, ಒಂದೇ ರನ್ ಅಂತರವಿದ್ದಾಗ, ಅವನ ಆರು ಔಟ್‌ಗಳು ಇನ್ನೂ ಪೂರ್ತಿಯಾಗದಿದ್ದ ಕಾರಣ ಕೋಚ್ ಅವನನ್ನು ಹೊರ ಮೈದಾನದ ಬಲಬದಿಯಾದ ರೈಟ್ ಫೀಲ್ಡಿಗೆ ಕಳಿಸಬೇಕಾಯಿತು. ಉಳಿದ ಮಕ್ಕಳ ಮುಖದಲ್ಲಿ ಆತಂಕ ಎದ್ದು ಕಾಣುತ್ತಿತ್ತು. ಆಗ ಓಟಗಾರ ಮುಟ್ಟಬೇಕಾದ ನಾಲ್ಕು ಠಾಣೆಗಳಲ್ಲಿ ಎರಡನೆಯದಾದ ಸೆಕೆಂಡ್ ಬೇಸ್ ಕಾಯುತ್ತಿದ್ದ ಹುಡುಗಿ ತಾನಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು, ಅವನತ್ತ ತಿರುಗಿ ಗ್ಲೌಸ್ ತೋರಿಸಿ, ಚೆಂಡು ಬಂದರೆ ತನಗೆ ಎಸೆದುಬಿಡುವಂತೆ ಸನ್ನೆ ಮಾಡಿದಳು. ಚೆಂಡು ಅವನ ಕಡೆಗೇ ಹೋಯಿತು. ಹಿಡಿಯಲಾಗಲಿಲ್ಲ, ಆದರೆ ಅವನು ಮುಖ ತಿರುಗಿಸದೆ ಮೈಯಿಂದ ಅದನ್ನು ತಡೆದು ಅವಳಿಗೆ ಎಸೆದ. ಓಟಗಾರ ಸೆಕೆಂಡ್ ಬೇಸ್‌ನಲ್ಲೇ ನಿಂತ.

ನಾನು ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆ ಹುಡುಗಿಗೆ ಯಾರೂ ಸಹಾಯ ಮಾಡೆಂದು ಹೇಳಿರಲಿಲ್ಲ. ದುರ್ಬಲನಾದವನನ್ನು ಕೂರಿಸಿ ಗೆಲ್ಲುವ ದಾರಿಯನ್ನು ನಿಯಮ ಮುಚ್ಚಿದ್ದರಿಂದ, ಅವನನ್ನು ಜೊತೆಗಿಟ್ಟುಕೊಂಡೇ ಗೆಲ್ಲುವ ದಾರಿಯನ್ನು ಮಕ್ಕಳೇ ಹುಡುಕಬೇಕಾಯಿತು. ಗೆಲ್ಲಲೇಬೇಕೆಂಬ ಆಸೆ ಇಲ್ಲದೆ ಹೋಗಿದ್ದರೂ ಇದು ಆಗುತ್ತಿರಲಿಲ್ಲ. ಅಂಕವನ್ನೇ ಲೆಕ್ಕಿಸದೆ ಎಲ್ಲರಿಗೂ ಪದಕ ಹಂಚುವ ಕಾರ್ಯಕ್ರಮಗಳನ್ನೂ ನಾವು ನೋಡಿದ್ದೇವೆ. ಅಲ್ಲಿ ಮಕ್ಕಳು ಪರಸ್ಪರ ದಯೆಯಿಂದಿರುತ್ತಾರೆ, ಆದರೆ ಯಾರಿಗೂ ಯಾರ ಅಗತ್ಯವೂ ಬೀಳುವುದಿಲ್ಲ. ಇಲ್ಲಿ ಅಂಕಪಟ್ಟಿ ನಿಜ, ಸೋಲು ನಿಜ, ಜೊತೆಗಾರನ ದೌರ್ಬಲ್ಯವೂ ನಿಜ. ಇವೆಲ್ಲವನ್ನೂ ಒಂದೇ ಸಂಜೆಯಲ್ಲಿ ಎದುರಿಸುವ ಅವಕಾಶ ಒಂಬತ್ತು ವರ್ಷದ ಮಗುವಿಗೆ ಬೇರೆಲ್ಲಿ ಸಿಗುತ್ತದೆಂಬುದು ನನಗೆ ತಿಳಿದಿಲ್ಲ.

ಎರಡನೆಯ ಕಟ್ಟಳೆ ಪಿಚ್‌ಗಳ, ಅಂದರೆ ಬ್ಯಾಟರ್‌ನತ್ತ ಎಸೆಯುವ ಎಸೆತಗಳ, ಮಿತಿ. ಬೆಳೆಯುವ ಮೊಣಕೈ ಮತ್ತು ಭುಜಗಳಿಗೆ ಅತಿಯಾದ ಎಸೆತದಿಂದ ಆಗುತ್ತಿದ್ದ ಹಾನಿಯನ್ನು ಮೂಳೆತಜ್ಞರು ಎತ್ತಿ ಹೇಳಿದ ಮೇಲೆ, 2007ರಿಂದ ಲಿಟಲ್ ಲೀಗ್ ಇನಿಂಗ್ಸ್ ಲೆಕ್ಕದ ಬದಲು ಎಸೆತಗಳ ಲೆಕ್ಕವನ್ನು ಜಾರಿಗೆ ತಂದಿತು. ಏಳೆಂಟು ವರ್ಷದವರಿಗೆ ದಿನಕ್ಕೆ 50, ಒಂಬತ್ತು-ಹತ್ತರವರಿಗೆ 75, ಹನ್ನೊಂದು-ಹನ್ನೆರಡರವರಿಗೆ 85 ಎಸೆತ; 21ರಿಂದ 35 ಎಸೆದರೆ ಒಂದು ದಿನ, 36ರಿಂದ 50 ಎಸೆದರೆ ಎರಡು ದಿನ, 51ರಿಂದ 65 ಎಸೆದರೆ ಮೂರು ದಿನ, 66ನ್ನು ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. ಒಂದೇ ದಿನ 41 ಅಥವಾ ಹೆಚ್ಚು ಎಸೆದವರು ಆ ದಿನ ಮತ್ತೆ ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿ ಕೂರುವಂತಿಲ್ಲ. ಈ ನಿಯಮವನ್ನು ಎಲ್ಲರೂ ಆರೋಗ್ಯದ ದೃಷ್ಟಿಯಿಂದಲೇ ನೋಡುತ್ತಾರೆ, ಅದು ಸರಿಯೇ. ಆದರೆ ಅದರ ಇನ್ನೊಂದು ಪರಿಣಾಮ ನನಗೆ ಅಷ್ಟೇ ಮುಖ್ಯವೆನಿಸಿದೆ: ತಂಡದ ಅತ್ಯುತ್ತಮ ಪಿಚರ್ (ಎಸೆತಗಾರ) ಎಷ್ಟೇ ಚೆನ್ನಾಗಿ ಎಸೆಯುತ್ತಿದ್ದರೂ ಒಂದು ಹಂತದಲ್ಲಿ ಚೆಂಡನ್ನು ಇನ್ನೊಬ್ಬನ ಕೈಗೆ ಕೊಟ್ಟು ಬೇರೆ ಜಾಗಕ್ಕೆ ಹೋಗಿ ನಿಲ್ಲಬೇಕು. ಹೀಗೆ ಋತುವಿನ ಕೊನೆಯ ಹೊತ್ತಿಗೆ ನಮ್ಮ ತಂಡದಲ್ಲಿ ಏಳು ಮಕ್ಕಳು ಪಿಚಿಂಗ್ ಮಾಡಿದ್ದರು. ಮೊದಲು ಪಿಚರ್ ನಿಲ್ಲುವ ಮೌಂಡ್ ಮೇಲೆ ಹತ್ತಲು ಹೆದರುತ್ತಿದ್ದ ನಮ್ಮ ಮಗಳೂ ಅವರಲ್ಲಿ ಒಬ್ಬಳು. ಅವಳ ಮೊದಲ ಇನಿಂಗ್ಸ್‌ನಲ್ಲಿ ಸರಿಯಾದ ಎಸೆತಗಳಿಗಿಂತ (ಸ್ಟ್ರೈಕ್) ಗುರಿ ತಪ್ಪಿದ ಎಸೆತಗಳೇ (ಬಾಲ್) ಹೆಚ್ಚಾಗಿ, ಮೈನರ್ಸ್ ವಿಭಾಗದಲ್ಲಿ ಒಂದು ಇನಿಂಗ್ಸ್‌ಗೆ ಐದೇ ರನ್ ಎಂಬ ಮಿತಿ ಇರುವುದರಿಂದ ಮಾತ್ರ ಅದು ಮುಗಿಯಿತು. ಈ ಐದು ರನ್‌ಗಳ ಮಿತಿಯೂ ಒಳ್ಳೆಯ ಯೋಚನೆಯೇ. ಮಗುವಿನ ಒಂದು ಕೆಟ್ಟ ಇನಿಂಗ್ಸ್ ಇಡೀ ಪಂದ್ಯವನ್ನು ನುಂಗಲು ಅದು ಬಿಡುವುದಿಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್‌ನ ಸೋಲಿನ ಪ್ರಮಾಣ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಕ್ರಿಕೆಟ್‌ನಲ್ಲಿ ಔಟಾದವನು ಆ ಇನಿಂಗ್ಸ್‌ಗೆ ಮುಗಿದ. ಪೆವಿಲಿಯನ್‌ನಲ್ಲಿ ಕುಳಿತು ಅದನ್ನೇ ನೆನೆಯುತ್ತಿರಬಹುದು. ಬೇಸ್‌ಬಾಲ್‌ನಲ್ಲಿ ಹತ್ತರಲ್ಲಿ ಮೂರು ಸಲ ಹಿಟ್ ಮಾಡಿದವನನ್ನು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದವನನ್ನು, ಉತ್ತಮ ಬ್ಯಾಟರ್ ಎನ್ನುತ್ತಾರೆ. ವೃತ್ತಿಪರರ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಇಡೀ ಋತುವಿನಲ್ಲಿ ಹತ್ತಕ್ಕೆ ನಾಲ್ಕರ ಸರಾಸರಿಯನ್ನು ಕೊನೆಯ ಬಾರಿಗೆ ದಾಟಿದ್ದು 1941ರಲ್ಲಿ ಟೆಡ್ ವಿಲಿಯಮ್ಸ್, ಅದೂ .406. ಆ ಆಟದ ಅತ್ಯುತ್ತಮ ವರ್ಷಗಳಲ್ಲೊಂದರಲ್ಲಿಯೂ ಅವರು ಹತ್ತರಲ್ಲಿ ಆರು ಸಲ ಹಿಟ್ ಇಲ್ಲದೆ ಮರಳಿದ್ದರು. ಮಕ್ಕಳ ಮಟ್ಟದಲ್ಲಿ ಮೂರು ಸ್ಟ್ರೈಕ್‌ಗೆ ಔಟಾಗುವುದು ದಿನನಿತ್ಯದ ಸಂಗತಿ, ಮತ್ತು ಅರ್ಧ ಗಂಟೆಯೊಳಗೆ ಅದೇ ಮಗು ಮತ್ತೆ ಹೆಲ್ಮೆಟ್ ಹಾಕಿಕೊಂಡು ಅದೇ ಪಿಚರ್ ಎದುರಿಗೆ ನಿಲ್ಲಬೇಕು. ನಡುವಿನ ಸಮಯದಲ್ಲಿ ಅದು ಫೀಲ್ಡಿಂಗ್ ಕೂಡ ಮಾಡಬೇಕು. ಮುಖ ಊದಿಸಿಕೊಂಡು ಕೂರಲು ಆಟದಲ್ಲಿ ಜಾಗವೇ ಇಲ್ಲ. ಟೀಬಾಲ್ ದಿನಗಳಲ್ಲಿ ಔಟಾದಾಗಲೆಲ್ಲ ಅಳುತ್ತಿದ್ದ ಮಗಳು ಈಗ ಆಟಗಾರರು ಕೂರುವ ಡಗೌಟ್‌ಗೆ ಬಂದವಳೇ ಮುಂದಿನ ಬ್ಯಾಟರ್‌ಗೆ ಪಿಚರ್ ಹೇಗೆ ಎಸೆಯುತ್ತಿದ್ದಾನೆಂದು ಹೇಳುತ್ತಾಳೆ: ಮೊದಲನೆಯದು ನಿಧಾನವಾಗಿ ಬರುತ್ತದೆ, ಎರಡನೆಯದು ಎತ್ತರಕ್ಕೆ ಹೋಗುತ್ತದೆ, ಆತುರಪಡಬೇಡ. ಮನೆಯಲ್ಲಿ ಗಣಿತದ ಲೆಕ್ಕ ತಪ್ಪಿದಾಗ ಪೆನ್ಸಿಲ್ ಎಸೆಯುವ ಅಭ್ಯಾಸವೂ ಕಡಿಮೆಯಾಗಿದೆ. ಎರಡಕ್ಕೂ ಸಂಬಂಧವಿದೆ ಎಂದು ಸಾಧಿಸಲಾರೆ, ಆದರೆ ತಾಯಿ-ತಂದೆಯರಾದ ನಮಗೆ ಇದೆ ಎಂದೇ ಅನ್ನಿಸುತ್ತದೆ.

ಕ್ರಿಕೆಟ್ ಹಿನ್ನೆಲೆಯ ಮಕ್ಕಳ ಬಗ್ಗೆ ಇನ್ನೊಂದು ಮಾತು. ಬರಿಗೈಯಲ್ಲಿ ಕ್ಯಾಚ್ ಹಿಡಿದು ಅಭ್ಯಾಸವಾದವರಿಗೆ ಗ್ಲೌಸ್ ಮೊದಲಿಗೆ ಅಡ್ಡಿಯಾಗುತ್ತದೆ, ಆದರೆ ಎರಡೂ ಕೈಗಳನ್ನು ಚೆಂಡಿನ ಹಿಂದೆ ತರುವ ಅವರ ಅಭ್ಯಾಸವನ್ನು ಕೋಚ್‌ಗಳು ತುಂಬ ಮೆಚ್ಚುತ್ತಾರೆ. ಹೊಡೆದ ಮೇಲೆ ಬ್ಯಾಟನ್ನು ಕೈಯಲ್ಲೇ ಹಿಡಿದು ಓಡುವುದನ್ನು ಬಿಡಿಸುವುದು ಕಷ್ಟ. ಶಿವಮೊಗ್ಗದಿಂದ ಬಂದಿದ್ದ ನಮ್ಮ ಮಾವನವರಿಗೆ ಮೊಮ್ಮಗಳು ಬ್ಯಾಟನ್ನು ನೆಲಕ್ಕೆ ಬಿಟ್ಟು ಓಡುವುದು ಕೊನೆಯವರೆಗೂ ಸಮಾಧಾನ ತರಲಿಲ್ಲ.

ಈಗ ಸ್ವಯಂಸೇವೆಯ ವಿಚಾರ. ಕಾರ್ಯಕ್ರಮದ ಈ ಭಾಗವನ್ನು ಹೊಸ ಪೋಷಕರು ಹೊರೆ ಎಂದು ಭಾವಿಸುತ್ತಾರೆ, ಆದರೆ ಮಕ್ಕಳ ದೃಷ್ಟಿಯಿಂದ ಅದರ ಬೆಲೆ ದೊಡ್ಡದು. ನಮ್ಮ ಲೀಗಿನಲ್ಲಿ ಪ್ರತಿ ಕುಟುಂಬವೂ ಒಂದು ಠೇವಣಿ ಕಟ್ಟಿ, ಋತುವಿನಲ್ಲಿ ನಿಗದಿಯಾದಷ್ಟು ಗಂಟೆ ತಿಂಡಿ ಅಂಗಡಿಯಲ್ಲಿ, ಮೈದಾನದಲ್ಲಿ ಅಥವಾ ಅಂಕಪಟ್ಟಿಯ ಬಳಿ ಕೆಲಸ ಮಾಡಿದ ಮೇಲೆ ಅದನ್ನು ಹಿಂಪಡೆಯುತ್ತದೆ. ಪಂದ್ಯಕ್ಕೆ ಒಂದು ಗಂಟೆ ಮೊದಲು ಆತಿಥೇಯ ತಂಡ ಮೈದಾನವನ್ನು ಅಣಿಗೊಳಿಸಬೇಕು. ಬೇಸ್‌ಗಳನ್ನು ಅರವತ್ತು ಅಡಿ ಅಂತರದಲ್ಲಿ ಗೂಟಕ್ಕೆ ಕೂರಿಸಿ, ಬೇಸ್‌ಗಳ ನಡುವಿನ ಮಣ್ಣಿಗೆ ನೀರು ಹಾಯಿಸಿ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಸುತ್ತ ಹಿಂದಿನ ಪಂದ್ಯದ ಗುಳಿಗಳನ್ನು ತುಂಬಿ ದಮ್ಮಸು ಮಾಡಿ, ದಾರ ಕಟ್ಟಿ ಅದರ ಮೇಲೆ ಸುಣ್ಣದ ಗಾಡಿ ತಳ್ಳಿ ಮೈದಾನದ ಎಲ್ಲೆಯಾದ ಫೌಲ್ ಗೆರೆಗಳನ್ನು ಎಳೆಯುವುದನ್ನು ಮಕ್ಕಳು ನೋಡುತ್ತಾರೆ. ಕುಂಟೆ ಹಿಡಿಯಲು ತಾವೂ ಮುಂದಾಗುತ್ತಾರೆ. ವಾರವಿಡೀ ಕಂಪ್ಯೂಟರ್ ಮುಂದೆ ಕುಳಿತಿರುವ ಅಪ್ಪ ಮಂಡಿಯೂರಿ ಇನ್ನೊಬ್ಬರ ಮಗು ಎಡವದಿರಲೆಂದು ಮಣ್ಣು ಸಮ ಮಾಡುತ್ತಿರುವುದನ್ನು ಮಗು ನೋಡುವುದು, ನನ್ನ ಮಟ್ಟಿಗೆ, ಈ ಕಾರ್ಯಕ್ರಮ ಕೊಡುವ ಅತ್ಯಮೂಲ್ಯ ಪಾಠಗಳಲ್ಲಿ ಒಂದು. ಹಳ್ಳಿಯ ರಥೋತ್ಸವಕ್ಕೆ ಊರವರೆಲ್ಲ ಸೇರಿ ಬೀದಿ ಗುಡಿಸಿ ತೋರಣ ಕಟ್ಟುವಂತೆ, ಇಲ್ಲಿಯೂ ಕೆಲಸ ಮಾಡುವವರು ಯಾರೆಂದು ಕೇಳುವ ಅಗತ್ಯವೇ ಇರುವುದಿಲ್ಲ. ಮಕ್ಕಳೊಂದಿಗೆ ನಿಯಮಿತವಾಗಿ ಬೆರೆಯುವ ಸ್ವಯಂಸೇವಕರೆಲ್ಲರೂ ಪ್ರತಿವರ್ಷ ಹಿನ್ನೆಲೆ ತಪಾಸಣೆಗೆ ಒಳಪಡಬೇಕೆಂಬುದು ಕೇಂದ್ರ ಸಂಸ್ಥೆಯ ನಿಯಮ, ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ತರಬೇತಿಯೂ ಕಡ್ಡಾಯ. ಇದನ್ನು ನಮ್ಮ ಲೀಗ್ ಕಟ್ಟುನಿಟ್ಟಾಗಿ ಪಾಲಿಸಿದೆ; ತಪಾಸಣೆ ಮುಗಿಯದ ಒಬ್ಬ ತಂದೆಯನ್ನು ಡಗೌಟ್ ಒಳಗೆ ಬಿಡದೆ ವಿನಯದಿಂದ ಹೊರಗೆ ಕಳಿಸಿದ್ದನ್ನು ಕಂಡಿದ್ದೇನೆ.

ಅಂಪೈರ್‌ಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ಮಿಶ್ರವಾದದ್ದು. ಕೆಳಗಿನ ವಿಭಾಗಗಳಲ್ಲಿ ಹದಿಮೂರು-ಹದಿನಾಲ್ಕರ ಮಕ್ಕಳೇ ಅಂಪೈರ್ ಆಗಿ ನಿಲ್ಲುತ್ತಾರೆ. ದೊಡ್ಡ ಮಕ್ಕಳಿಗೆ ಹೊಣೆ ಕೊಡುವ ಈ ಪದ್ಧತಿ ಒಳ್ಳೆಯದೇ, ಆದರೆ ಅವರನ್ನು ಕಾಯುವ ವಯಸ್ಕರೊಬ್ಬರು ಮೈದಾನದಲ್ಲಿ ಇರಲೇಬೇಕು, ಎಲ್ಲ ಕಡೆಯೂ ಇರುವುದಿಲ್ಲ. ಒಂದು ಪಂದ್ಯದಲ್ಲಿ ಮೂರನೆಯ ಸ್ಟ್ರೈಕ್ ಕೊಟ್ಟ ಹುಡುಗನ ಮೇಲೆ ಎದುರು ತಂಡದ ತಂದೆಯೊಬ್ಬರು ಬೇಲಿಯಾಚೆಯಿಂದ ಕೂಗಾಡಿದರು. ಹುಡುಗನ ಕೈಯಲ್ಲಿದ್ದ ಎಣಿಕೆಯ ಗುಂಡಿಯಂತ್ರ ನಡುಗುತ್ತಿತ್ತು. ಕೂಗಾಡಿದವರ ಸ್ವಂತ ತಂಡದ ಮ್ಯಾನೇಜರ್ ಆಟ ನಿಲ್ಲಿಸಿ, ಅವರ ಬಳಿಗೆ ಹೋಗಿ, ಪಾರ್ಕಿಂಗ್ ಜಾಗಕ್ಕೆ ಹೋಗುವಂತೆ ಹೇಳಿದರು. ಅವರು ಹೊರಟ ಮೇಲೆಯೇ ಮುಂದಿನ ಎಸೆತ ನಡೆಯಿತು. ಅಂಪೈರ್‌ಗೆ ಗೌರವ ಕೊಡಬೇಕೆಂಬ ಮಾತನ್ನು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ಆ ಎರಡು ನಿಮಿಷದಲ್ಲಿ ಆಯಿತು. ಮಗುವನ್ನು ಸೇರಿಸುವ ಮೊದಲು ಯಾವುದಾದರೂ ಶನಿವಾರ ಮೈದಾನಕ್ಕೆ ಹೋಗಿ, ದೊಡ್ಡವರು ಬೇಲಿಯ ಬಳಿ ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿ. ಸ್ಥಳೀಯ ಲೀಗಿನ ಗುಣಮಟ್ಟವನ್ನು ಅಳೆಯಲು ಇದಕ್ಕಿಂತ ನಂಬಿಕೆಯ ಅಳತೆಗೋಲು ಇಲ್ಲ.

ಹೆಣ್ಣುಮಕ್ಕಳ ತಂದೆತಾಯಿಯರು ಕೇಳುವ ಪ್ರಶ್ನೆಗೂ ಉತ್ತರಿಸಬೇಕು. ಹೆಣ್ಣುಮಕ್ಕಳು ದೊಡ್ಡ ಚೆಂಡಿನಿಂದ ಆಡುವ ಸಾಫ್ಟ್‌ಬಾಲ್‌ಗೇ ಹೋಗಬೇಕೆಂಬ ಕಡ್ಡಾಯವಿಲ್ಲ. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಕ್ಯಾಥರಿನ್ ಜಾನ್‌ಸ್ಟನ್ ಹುಡುಗನ ವೇಷದಲ್ಲಿ ಸೇರಿ ಆಡಿದ ಮೇಲೆ, ಹುಡುಗಿಯರನ್ನು ಹೊರಗಿಡುವ ನಿಯಮವನ್ನೇ ಲಿಟಲ್ ಲೀಗ್ ತಂದಿತು. 1972ರಲ್ಲಿ ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ ಮರಿಯಾ ಪೆಪೆ ಮೂರು ಪಂದ್ಯಗಳನ್ನು ಆಡಿದ್ದೇ ಅವರನ್ನು ತಂಡದಿಂದ ಬಿಡಿಸಲಾಯಿತು. ಆ ವಿಚಾರ ಕಾನೂನಿನ ಕಟ್ಟೆ ಹತ್ತಿ, ಹುಡುಗಿಯರಿಗೆ ಅವಕಾಶ ಕೊಡಬೇಕೆಂಬ ತೀರ್ಪು ಬಂದು, 1974ರಲ್ಲಿ ಸಂಸ್ಥೆಯ ಬಾಗಿಲು ತೆರೆಯಿತು. 2014ರಲ್ಲಿ ಲಿಟಲ್ ಲೀಗ್‌ನ ವಾರ್ಷಿಕ ಅಂತಿಮ ಪಂದ್ಯಾವಳಿಯಾದ ವಿಶ್ವ ಸರಣಿಯಲ್ಲಿ ಫಿಲಡೆಲ್ಫಿಯಾದ ಮೋನೇ ಡೇವಿಸ್ ಎದುರಾಳಿಗೆ ಒಂದೂ ರನ್ ಕೊಡದೆ ಪಂದ್ಯ ಗೆದ್ದುಕೊಟ್ಟದ್ದನ್ನು ಇಲ್ಲಿಯ ಹುಡುಗಿಯರು ಇವತ್ತಿಗೂ ನೆನೆಯುತ್ತಾರೆ. ನಮ್ಮ ಲೀಗಿನಲ್ಲಿ ಪ್ರತಿ ತಂಡಕ್ಕೂ ಒಬ್ಬಿಬ್ಬರು ಹುಡುಗಿಯರಿರುತ್ತಾರೆ, ಮೇಲಿನ ವಿಭಾಗಕ್ಕೆ ಹೋದಂತೆ ಸಂಖ್ಯೆ ಇಳಿಯುತ್ತದೆ. ಮಗಳಿಗೆ ತಂಡದೊಳಗೆ ತೊಂದರೆಯಾಗಿಲ್ಲ. ಅಂಗವೈಕಲ್ಯವಿರುವ ಮಕ್ಕಳಿಗಾಗಿ 1989ರಲ್ಲಿ ಆರಂಭವಾದ ಚಾಲೆಂಜರ್ ವಿಭಾಗವೂ ಇದೆ. ಅಲ್ಲಿ ಪ್ರತಿ ಆಟಗಾರನ ಪಕ್ಕದಲ್ಲಿ ಇನ್ನೊಬ್ಬ ಮಗು ಜೊತೆಗಾರನಾಗಿ ನಿಲ್ಲಬಹುದು. ಮಕ್ಕಳನ್ನು ಅಲ್ಲಿಗೆ ಜೊತೆಗಾರರಾಗಿ ಒಮ್ಮೆಯಾದರೂ ಕಳಿಸಿ ಎಂದು ಬೇಡಿಕೊಳ್ಳುತ್ತೇನೆ.

ಸಂಸ್ಥೆಯ ಹೊಗಳಿಕೆಯಲ್ಲಿ ಅದರ ಕಪ್ಪು ಪುಟಗಳನ್ನು ಮರೆಯುವುದು ನ್ಯಾಯವಲ್ಲ. 1955ರಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್‌ಸ್ಟನ್ ನಗರದ ಕ್ಯಾನನ್ ಸ್ಟ್ರೀಟ್ ವೈಎಂಸಿಎ ತಂಡದ ಕಪ್ಪು ಮಕ್ಕಳ ಎದುರು ಆಡಲು ಬಿಳಿಯರ ತಂಡಗಳೆಲ್ಲ ನಿರಾಕರಿಸಿ ಹಿಂದೆ ಸರಿದವು. ಆಡದೆಯೇ ಗೆದ್ದವರೆಂಬ ಕಾರಣಕ್ಕೆ ಆ ಮಕ್ಕಳಿಗೆ ಮುಂದಿನ ಹಂತದ ಅರ್ಹತೆ ತಪ್ಪಿತು. ಅವರನ್ನು ವಿಶ್ವ ಸರಣಿ ನಡೆಯುವ ವಿಲಿಯಮ್ಸ್‌ಪೋರ್ಟ್‌ಗೆ ಅತಿಥಿಗಳಾಗಿ ಕರೆಸಿಕೊಂಡು ಅಂಕಣದ ಹೊರಗೆ ಕೂರಿಸಲಾಯಿತು, ಅವರನ್ನು ಆಡಲು ಬಿಡಿ ಎಂದು ಪ್ರೇಕ್ಷಕರೇ ಕೂಗಿದರೂ ಅವರಿಗೆ ಅವಕಾಶ ಸಿಗಲಿಲ್ಲ. ಕಾರ್ಲ್ ಸ್ಟಾಟ್ಸ್ ಅವರಂಥ ಸ್ಥಾಪಕರೇ ಸಂಸ್ಥೆ ವ್ಯಾಪಾರದ ದಾರಿ ಹಿಡಿಯಿತೆಂದು ಜಗಳವಾಡಿ ಐವತ್ತರ ದಶಕದ ನಡುವಿನಲ್ಲಿ ಸಂಬಂಧ ಕಡಿದುಕೊಂಡರು. 2001ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ತಂಡದ ಪಿಚರ್‌ಗೆ ಹನ್ನೆರಡರ ಬದಲು ಹದಿನಾಲ್ಕು ವರ್ಷವಾಗಿತ್ತೆಂದು ತಿಳಿದು ಆ ತಂಡದ ಗೆಲುವುಗಳನ್ನೆಲ್ಲ ರದ್ದುಪಡಿಸಲಾಯಿತು. 2014ರಲ್ಲಿ ಅಮೆರಿಕದ ಚಾಂಪಿಯನ್ ಆದ ಷಿಕಾಗೋದ ಜಾಕಿ ರಾಬಿನ್ಸನ್ ವೆಸ್ಟ್ ತಂಡದ ಪ್ರಶಸ್ತಿಯನ್ನು, ತನ್ನ ಲೀಗಿನ ಗಡಿಯಾಚೆಯ ಮಕ್ಕಳನ್ನು ಸೇರಿಸಿಕೊಂಡದ್ದಕ್ಕಾಗಿ, ಮರುವರ್ಷ ಕಸಿದುಕೊಳ್ಳಲಾಯಿತು. ಈ ಎರಡೂ ಪ್ರಕರಣಗಳಲ್ಲಿ ಮೋಸಕ್ಕೆ ದಾರಿ ಮಾಡಿದವರು ದೊಡ್ಡವರು, ಅವಮಾನ ಹೊತ್ತವರು ಮಕ್ಕಳು. ಎರಡೂ ನಡೆದದ್ದು ಬಡಾವಣೆಯ ಸಾಮಾನ್ಯ ಋತುವಿನಲ್ಲಿ ಅಲ್ಲ, ಟಿವಿ ಕ್ಯಾಮೆರಾಗಳು ಕಾಯುವ, ಆಯ್ದ ಆಟಗಾರರ ಆಲ್-ಸ್ಟಾರ್ ಪಂದ್ಯಾವಳಿಯಲ್ಲಿ ಎಂಬುದನ್ನು ಗಮನಿಸಬೇಕು.

ಆದ್ದರಿಂದಲೇ ನನ್ನ ಶಿಫಾರಸು ಜೂನ್ ತಿಂಗಳಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ವಸಂತದ ಋತು ಮುಗಿದ ಮೇಲೆ ಪ್ರತಿ ಲೀಗ್ ತನ್ನ ಉತ್ತಮ ಆಟಗಾರರನ್ನು ಆರಿಸಿ ಆಲ್-ಸ್ಟಾರ್ ತಂಡ ಕಟ್ಟುತ್ತದೆ. ಆಯ್ಕೆಯಲ್ಲಿ ಕೋಚ್‌ಗಳ ಮಕ್ಕಳಿಗೇ ಒಲವು ಎಂಬ ದೂರು ದೇಶದ ಎಲ್ಲ ಕಡೆ ಕೇಳಿಬರುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ. ಸ್ವಯಂಸೇವೆಗೆ ಬರುವವರು ಹೆಚ್ಚಾಗಿ ಆಟ ಬಲ್ಲ ತಂದೆಯರು, ಅವರ ಮಕ್ಕಳು ಮನೆಯಲ್ಲೂ ಅಭ್ಯಾಸ ಮಾಡಿರುತ್ತಾರೆ, ಆದರೂ ಅನುಮಾನ ಉಳಿಯುತ್ತದೆ. ನಮ್ಮಲ್ಲಿ ಒಂದು ವರ್ಷ ಆಯ್ಕೆಯ ಪಟ್ಟಿ ಹೊರಬಿದ್ದ ವಾರ, ಅಲ್ಲಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಕಲ್ಲಂಗಡಿ ಹಂಚಿಕೊಂಡ ಪೋಷಕರು ಮಾತು ಬಿಟ್ಟರು. ಹತ್ತು ವರ್ಷದೊಳಗಿನ ಮಕ್ಕಳಿಗೆ ಈ ಹಂತ ಬೇಡವೇ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಷಕ್ಕೆ ಸಾವಿರಾರು ಡಾಲರ್ ಕೇಳುವ, ಊರೂರು ಸುತ್ತಿ ಆಡುವ ಖಾಸಗಿ ಟ್ರಾವೆಲ್ ತಂಡಗಳ ಬಗ್ಗೆಯೂ ಇದೇ ಮಾತು. ಅಲ್ಲಿ ತರಬೇತಿ ಹೆಚ್ಚು ಶಿಸ್ತಿನದಿರಬಹುದು, ಆದರೆ ಆರು ಔಟ್‌ಗಳ ಕಡ್ಡಾಯವಿಲ್ಲ, ಬಡಾವಣೆಯಿಲ್ಲ, ಕುಂಟೆ ಹಿಡಿಯುವ ಅಪ್ಪನೂ ಇಲ್ಲ. ದೊಡ್ಡ ಪಂದ್ಯಾವಳಿಗಳಲ್ಲಿ ಒಳ್ಳೆಯದೇನೂ ನಡೆಯುವುದಿಲ್ಲವೆಂದು ಇದರರ್ಥವಲ್ಲ. 2022ರ ಆಗಸ್ಟ್‌ನಲ್ಲಿ ಟೆಕ್ಸಸ್‌ನ ವೇಕೊದಲ್ಲಿ ನಡೆದ ಪ್ರಾದೇಶಿಕ ಫೈನಲ್‌ನಲ್ಲಿ ಹೆಲ್ಮೆಟ್‌ಗೆ ಚೆಂಡು ಬಡಿದು ನೆಲಕ್ಕೆ ಬಿದ್ದ ಹುಡುಗ ಎದ್ದು ಫಸ್ಟ್ ಬೇಸ್‌ಗೆ ಹೋದ ಮೇಲೆ, ಎಸೆದ ಪಿಚರ್ ಅಳುತ್ತಿರುವುದನ್ನು ಕಂಡು, ಹೆಲ್ಮೆಟ್ ಕಳಚಿ ಮೌಂಡ್‌ಗೆ ನಡೆದು ಅವನನ್ನು ತಬ್ಬಿಕೊಂಡ. ಅಂಥ ಮಗು ಪಂದ್ಯಾವಳಿಯಲ್ಲಿ ತಯಾರಾಗುವುದಿಲ್ಲ; ಅದಕ್ಕೆ ಮುಂಚಿನ ವರ್ಷಗಳ ಸಾಮಾನ್ಯ ಸಂಜೆಗಳಲ್ಲಿ ತಯಾರಾಗಿ ಅಲ್ಲಿಗೆ ಬಂದಿರುತ್ತದೆ.

ಖರ್ಚು, ಸುರಕ್ಷತೆ ಮತ್ತು ಸಮಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಲೀಗಿನ ಶುಲ್ಕ ಒಂದು ಋತುವಿಗೆ ಮುನ್ನೂರು ಡಾಲರ್‌ಗಿಂತ ಸ್ವಲ್ಪ ಕಡಿಮೆ. ಅಂಗಿ ಮತ್ತು ಟೋಪಿ ಅದರಲ್ಲೇ ಬರುತ್ತವೆ. ಶುಲ್ಕ ಕಟ್ಟಲಾಗದ ಕಾರಣಕ್ಕೆ ಯಾವ ಮಗುವನ್ನೂ ಹೊರಗಿಡಬಾರದೆಂಬ ನಿಯಮ ಇದೆ, ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಗ್ಲೌಸ್, ಹೆಲ್ಮೆಟ್ ಕೊಳ್ಳಬೇಕು. ಬ್ಯಾಟ್ ಮೇಲೆ ಯುಎಸ್ಎ ಬೇಸ್‌ಬಾಲ್ ಮುದ್ರೆ ಇರಲೇಬೇಕು, 2018ರಿಂದ ಈ ನಿಯಮ ಇರುವುದರಿಂದ ಹಳೆಯ ಬ್ಯಾಟುಗಳನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಅಂಪೈರ್ ಆಡಲು ಬಿಡುವುದಿಲ್ಲ. ಮೊದಲ ವರ್ಷಕ್ಕೆ ದುಬಾರಿ ಬ್ಯಾಟ್ ಬೇಕಿಲ್ಲ. ಹನ್ನೆರಡರವರೆಗಿನ ವಿಭಾಗಗಳಲ್ಲಿ ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರುವುದಕ್ಕೆ ನಿಷೇಧವಿದೆ, ಡಗೌಟ್‌ನ ಹೊರಗೆ ಕಾಯುವ ಬ್ಯಾಟರ್ ಬ್ಯಾಟ್ ಬೀಸುವಂತಿಲ್ಲ. ಈ ಎರಡು ನಿಯಮಗಳಿಂದ ಹಲವು ಗಾಯಗಳು ತಪ್ಪಿವೆಯೆಂದೇ ಹೇಳಬೇಕು. ಸಮಯದ ವಿಚಾರದಲ್ಲಿ ಮಾತ್ರ ನನ್ನ ದೂರು ಗಟ್ಟಿಯಾಗಿದೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ವಾರಕ್ಕೆ ಎರಡು ಪಂದ್ಯ, ಒಂದು ಅಭ್ಯಾಸ. ವೇಳಾಪಟ್ಟಿ ವಾರಕ್ಕೊಮ್ಮೆ ಬದಲಾಗುತ್ತದೆ, ಶನಿವಾರದ ಕನ್ನಡ ತರಗತಿಗೆ ಅದು ಅಡ್ಡಬರುತ್ತದೆ, ಯುಗಾದಿಯ ದಿನವೂ ಪಂದ್ಯ ಬಿದ್ದದ್ದುಂಟು. ಮಳೆಯಾದರೆ ಮೈದಾನ ಮುಚ್ಚಿದೆಯೆಂಬ ಸೂಚನೆ ಆಟಕ್ಕೆ ಹೊರಟ ಮೇಲೆ ಬರುವುದೂ ಉಂಟು. ಈ ಸಂವಹನವನ್ನು ಸ್ಥಳೀಯ ಮಂಡಳಿಗಳು ಸುಧಾರಿಸಿಕೊಳ್ಳಲೇಬೇಕು.

ಪ್ರತಿಜ್ಞೆಯ ಬಗ್ಗೆ ಕೇಳುವವರೂ ಇದ್ದಾರೆ. ಅದರಲ್ಲಿ ದೇವರ ಮೇಲಿನ ನಂಬಿಕೆಯ ಸಾಲಿದೆ, ದೇಶಪ್ರೇಮದ ಸಾಲಿದೆ, ನ್ಯಾಯವಾಗಿ ಆಡಿ ಗೆಲ್ಲಲು ಶ್ರಮಿಸುವ ಮಾತಿದೆ. ಅದನ್ನು ಹೇಳಲೇಬೇಕೆಂಬ ಕಡ್ಡಾಯವಿಲ್ಲ.

ನೋಂದಣಿ ಸಾಮಾನ್ಯವಾಗಿ ಶರತ್ಕಾಲದಲ್ಲಿ ಆರಂಭವಾಗಿ ಜನವರಿಯ ಹೊತ್ತಿಗೆ ಮುಚ್ಚುತ್ತದೆ. ನಿಮ್ಮ ಮನೆ ಅಥವಾ ಮಗುವಿನ ಶಾಲೆ ಯಾವ ಲೀಗಿನ ಗಡಿಯೊಳಗೆ ಬರುತ್ತದೆಂದು ವಿಳಾಸ ಹಾಕಿ ನೋಡಿ, ವಾಸಸ್ಥಳದ ದಾಖಲೆಗಳನ್ನೂ ಜನನ ಪ್ರಮಾಣಪತ್ರವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಮಗುವಿನ ಲೀಗ್ ವಯಸ್ಸನ್ನು ಆ ವರ್ಷದ ಆಗಸ್ಟ್ 31ರ ಲೆಕ್ಕದಲ್ಲಿ ತೀರ್ಮಾನಿಸುತ್ತಾರೆ. ಮೊದಲ ಬಾರಿ ಆಡುವ ಎಂಟು ವರ್ಷದ ಮಗುವನ್ನು ವಯಸ್ಸಿನ ಕಾರಣಕ್ಕೆ ಮೇಲಿನ ವಿಭಾಗಕ್ಕೆ ತಳ್ಳದಂತೆ ಲೀಗಿನ ಆಡಳಿತ ಮಂಡಳಿಯಲ್ಲಿರುವ ಆಟಗಾರರ ಪ್ರತಿನಿಧಿಯ (ಪ್ಲೇಯರ್ ಏಜೆಂಟ್) ಬಳಿ ಮೊದಲೇ ಮಾತಾಡಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಆಟದ ನಿಯಮ ಗೊತ್ತಿಲ್ಲವೆಂದು ಹಿಂಜರಿಯುವ ಪೋಷಕರು ಸ್ವಯಂಸೇವೆಗೆ ಕೋಚ್ ಆಗುವುದು ಬೇಡ, ಪಿಚ್ ಎಣಿಸುವ ಕೆಲಸ ಕೇಳಿ ಪಡೆಯಿರಿ. ಪ್ರತಿ ಪಂದ್ಯಕ್ಕೂ ಅದಕ್ಕೆ ಒಬ್ಬರು ಬೇಕೇ ಬೇಕು, ಹೋಮ್ ಪ್ಲೇಟ್ ಹಿಂದೆಯೇ ಕುಳಿತು ಪ್ರತಿ ಎಸೆತವನ್ನೂ ನೋಡಬೇಕಾಗುತ್ತದೆ, ಪಕ್ಕದಲ್ಲಿ ಅಂಕ ಬರೆಯುವವರು ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸುತ್ತಾರೆ, ಏಪ್ರಿಲ್ ಬರುವಷ್ಟರಲ್ಲಿ ಆಟ ತಾನಾಗಿ ತಿಳಿದಿರುತ್ತದೆ.